ಎಂಡೋಟಾಕ್ಸಿನ್ ಮತ್ತು ಜನ್ಮಜಾತ ಪ್ರತಿರಕ್ಷೆ: ಒಂದು ಚಾರಿತ್ರಿಕ ಮರುಪರಿಶೀಲನೆ

ಜನ್ಮಜಾತ ಪ್ರತಿರಕ್ಷೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈಲಿ ಮೆಚ್ನಿಕೋಫ್ ಅವರಿಂದ ತೊಡಗುತ್ತಾರೆ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಡಿಂಭಗಳಿಗೆ ಗುಲಾಬಿ ಮುಳ್ಳು ಚುಚ್ಚಿ, ಮರುದಿನ ಅದರ ಸುತ್ತ ಕೋಶಗಳು ಮುತ್ತಿದ್ದನ್ನು ಕಂಡರು. ಭಕ್ಷಕಕೋಶಗಳ ಸಿದ್ಧಾಂತ ಹುಟ್ಟಿದ್ದು ಅಲ್ಲಿ. ಆದರೆ ಆ ಕೋಶಗಳು ಬ್ಯಾಕ್ಟೀರಿಯಾವನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ದಾರಿ, ಮೆಚ್ನಿಕೋಫ್ ಅವರ ಎದುರು ಪಾಳೆಯದಿಂದ ಹೊರಟದ್ದು ಎಂಬುದು ನನ್ನ ವಾದ.

ಬರ್ಲಿನ್‌ನ ರಾಬರ್ಟ್ ಕಾಖ್ ಬಳಗ ರೋಗನಿರೋಧದ ಗುಟ್ಟು ರಕ್ತಸಾರದಲ್ಲಿದೆ ಎಂದು ನಂಬಿತ್ತು. ಅದೇ ಬಳಗದ ರಿಚರ್ಡ್ ಫೈಫರ್, ಕಾಯಿಸಿ ಕೊಂದ ಕಾಲರಾ ಬ್ಯಾಕ್ಟೀರಿಯಾ ಕೂಡ ಗಿನಿಯಿಲಿಗಳನ್ನು ಕೊಲ್ಲುವುದನ್ನು 1892ರಲ್ಲಿ ವರದಿ ಮಾಡಿದರು. ಬ್ಯಾಕ್ಟೀರಿಯಾದ ಮೈಗೇ ಅಂಟಿಕೊಂಡ ಈ ನಂಜು ಎಂಡೋಟಾಕ್ಸಿನ್ ಎನಿಸಿಕೊಂಡಿತು. ಅದು ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ಎಂಬುದು ಮುಂದೆ ತಿಳಿಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕೋಫ್ ಮತ್ತು ರಕ್ತಸಾರ ಪಾಳೆಯದ ಪಾಲ್ ಎರ್ಲಿಖ್ ಹಂಚಿಕೊಂಡರೂ ನಂತರದ ದಶಕಗಳನ್ನು ಆಳಿದ್ದು ಪ್ರತಿಕಾಯಗಳ ಅಧ್ಯಯನವೇ.

1989ರಲ್ಲಿ ಚಾರ್ಲ್ಸ್ ಜೇನ್‌ವೇ ಪ್ರತಿರಕ್ಷಾಶಾಸ್ತ್ರದ ಒಂದು ಹಳೆಯ ಮುಜುಗರವನ್ನು ಎತ್ತಿ ತೋರಿದರು. ಶುದ್ಧ ಪ್ರೋಟೀನನ್ನಷ್ಟೇ ಚುಚ್ಚಿದರೆ ದೇಹ ಹೆಚ್ಚಾಗಿ ಸುಮ್ಮನಿರುತ್ತದೆ. ಸತ್ತ ಬ್ಯಾಕ್ಟೀರಿಯಾದ ಚೂರನ್ನೋ ಅಲ್ಯೂಮಿನಿಯಂ ಲವಣವನ್ನೋ ಬೆರೆಸಿದರೆ ಎಚ್ಚರಗೊಳ್ಳುತ್ತದೆ. ಸೂಕ್ಷ್ಮಜೀವಿಗಳಲ್ಲಷ್ಟೇ ಇರುವ ಅಣುವಿನ್ಯಾಸಗಳನ್ನು ಗುರುತಿಸುವ ಗ್ರಾಹಕಗಳು ಹುಟ್ಟಿನಿಂದಲೇ ಇರಬೇಕು ಎಂದು ಅವರು ಊಹಿಸಿದರು. ಆಗ ಆ ಊಹೆಗೆ ಪ್ರಯೋಗದ ಆಧಾರವಿರಲಿಲ್ಲ. ಅದರ ಧೈರ್ಯವನ್ನು ಇಂದೂ ಮೆಚ್ಚಬೇಕು. 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ, ಟಾಲ್ ಜೀನ್ ಕೆಟ್ಟ ಹಣ್ಣಿನ ನೊಣಗಳು ಶಿಲೀಂಧ್ರಕ್ಕೆ ಬಲಿಯಾಗುವುದನ್ನು ತೋರಿಸಿತು. ಮರುವರ್ಷ ಜೇನ್‌ವೇ ಮತ್ತು ಅವರ ಸಹೋದ್ಯೋಗಿ ಮೆಜಿಟೋವ್ ಮನುಷ್ಯರಲ್ಲಿ ಅದನ್ನು ಹೋಲುವ ಗ್ರಾಹಕವನ್ನು (ಇಂದಿನ ಹೆಸರು ಟಿಎಲ್‌ಆರ್4) ಗುರುತಿಸಿದರು.

ಫೈಫರ್ ಅವರ ನಂಜು ಮತ್ತೆ ಎದುರಾದದ್ದು ಇಲ್ಲಿ. ಸಿ3ಎಚ್/ಎಚ್‌ಇಜೆ ಎಂಬ ತಳಿಯ ಇಲಿಗಳು ಎಂಡೋಟಾಕ್ಸಿನ್‌ಗೆ ಜಗ್ಗುವುದಿಲ್ಲ ಎಂಬುದು 1960ರ ದಶಕದಿಂದಲೇ ಗೊತ್ತಿತ್ತು. ಬ್ರೂಸ್ ಬಾಯ್ಟ್ಲರ್ ತಂಡ ವರ್ಷಗಟ್ಟಲೆ ಜೀನ್‌ಗಳನ್ನು ಜಾಲಾಡಿ 1998ರಲ್ಲಿ ಕಾರಣವನ್ನು ಹಿಡಿಯಿತು: ಟಿಎಲ್‌ಆರ್4 ಗ್ರಾಹಕದ 712ನೇ ಸ್ಥಾನದಲ್ಲಿ ಪ್ರೋಲಿನ್ ಬದಲು ಹಿಸ್ಟಿಡಿನ್ ಇತ್ತು. ಈ ಇಲಿಗಳ ಇನ್ನೊಂದು ಲಕ್ಷಣವೇ ನನಗೆ ಹೆಚ್ಚು ಮುಖ್ಯ. ಎಂಡೋಟಾಕ್ಸಿನ್ ಚುಚ್ಚಿದರೂ ಬದುಕುವ ಇವು, ಜೀವಂತ ಸಾಲ್ಮೊನೆಲ್ಲಾ ಹೊಕ್ಕರೆ ಬೇರೆ ಇಲಿಗಳಿಗಿಂತ ಸುಲಭವಾಗಿ ಸಾಯುತ್ತವೆ. ಎಂದರೆ ಲಿಪೊಪಾಲಿಸ್ಯಾಕರೈಡ್ ತಾನಾಗಿ ಕೊಲ್ಲುವ ವಿಷವಲ್ಲ. ಅದನ್ನು ಗುರುತಿಸಿದ ಭಕ್ಷಕಕೋಶಗಳು ಟಿಎನ್‌ಎಫ್‌ನಂಥ ಸಂಕೇತಗಳನ್ನು ಸುರಿಸುತ್ತವೆ. ಹಿತಮಿತವಾಗಿದ್ದರೆ ಸೋಂಕು ಅಡಗುತ್ತದೆ, ಮಿತಿಮೀರಿದರೆ ರಕ್ತನಾಳಗಳು ಸೋರಿ ರಕ್ತದೊತ್ತಡ ಕುಸಿಯುತ್ತದೆ. ಫೈಫರ್ ಅವರ ಗಿನಿಯಿಲಿಗಳನ್ನು ಕೊಂದದ್ದು, ಈ ಬೆಳಕಿನಲ್ಲಿ ನೋಡಿದರೆ, ಅವುಗಳದೇ ರಕ್ಷಣೆ.

ಹಾಫ್‌ಮನ್ ಮತ್ತು ಬಾಯ್ಟ್ಲರ್ 2011ರ ನೊಬೆಲ್ ಪಾಲುದಾರರಾದರು. ಜೇನ್‌ವೇ 2003ರಲ್ಲೇ ತೀರಿಕೊಂಡಿದ್ದರು. ಸೋಂಕಿಗೆ ದೇಹ ತೋರುವ ಈ ಅತಿರೇಕವನ್ನು ಗ್ರಾಹಕದಲ್ಲೇ ನಿಲ್ಲಿಸಬಹುದೆಂಬ ನಿರೀಕ್ಷೆಯಲ್ಲಿ, ಟಿಎಲ್‌ಆರ್4 ಅನ್ನು ತಡೆಯುವ ಎರಿಟೊರಾನ್ ಎಂಬ ಔಷಧವನ್ನು ತೀವ್ರ ಸೆಪ್ಸಿಸ್ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದು ಸಾವುಗಳನ್ನು ತಗ್ಗಿಸಲಿಲ್ಲ.