ಸಾಂದ್ರತೆ: ಮೆಟ್ರಿಕ್ ಏಕಮಾನಗಳ ಪರಿವರ್ತನೆ

ವಸ್ತುವಿನ ದ್ರವ್ಯರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದಾಗ ದೊರೆಯುವುದು ಸಾಂದ್ರತೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇದರ ಏಕಮಾನ ಘನ ಮೀಟರಿಗೆ ಕಿಲೋಗ್ರಾಂ. ಪ್ರಯೋಗಶಾಲೆಗಳಲ್ಲಿ ಘನ ಸೆಂಟಿಮೀಟರಿಗೆ ಗ್ರಾಂ, ದ್ರವಗಳ ವ್ಯವಹಾರದಲ್ಲಿ ಲೀಟರಿಗೆ ಕಿಲೋಗ್ರಾಂ, ಮಣ್ಣು ಮತ್ತು ಅದಿರಿನ ಲೆಕ್ಕದಲ್ಲಿ ಘನ ಮೀಟರಿಗೆ ಟನ್ ರೂಢಿಯಲ್ಲಿವೆ. ಈ ಕೊನೆಯ ಮೂರಕ್ಕೂ ಬೆಲೆ ಒಂದೇ. ಕಬ್ಬಿಣದ ಸಾಂದ್ರತೆ ಮೂರರಲ್ಲಿ ಯಾವುದರಲ್ಲಿ ಬರೆದರೂ ಸುಮಾರು 7.87, ಘನ ಮೀಟರಿಗೆ ಕಿಲೋಗ್ರಾಂ ಎಂದಾಗ ಮಾತ್ರ 7,870.

ಪರಿವರ್ತನೆಯ ಕ್ರಮ

ಒಂದು ಮೀಟರಿಗೆ 100 ಸೆಂಟಿಮೀಟರ್ ಆದರೂ ಒಂದು ಘನ ಮೀಟರಿಗೆ 100ರ ಘನ, ಅಂದರೆ 10 ಲಕ್ಷ ಘನ ಸೆಂಟಿಮೀಟರ್. ಆದ್ದರಿಂದ ಘನ ಸೆಂಟಿಮೀಟರಿಗೆ 1 ಗ್ರಾಂ ಇರುವ ವಸ್ತು ಘನ ಮೀಟರಿಗೆ 10 ಲಕ್ಷ ಗ್ರಾಂ, ಎಂದರೆ 1,000 ಕಿಲೋಗ್ರಾಂ ತೂಗುತ್ತದೆ. ಲೆಕ್ಕ ಸಾಮಾನ್ಯವಾಗಿ ಎಡವುವುದು ಘನ ಮಾಡುವುದನ್ನು ಮರೆತಾಗ. ನೀರಿನ ಎರಡು ಬೆಲೆಗಳು, 1 ಮತ್ತು 1,000, ನೆನಪಿದ್ದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ: ಚಿನ್ನಕ್ಕೆ ಘನ ಮೀಟರಿಗೆ 193 ಕಿಲೋಗ್ರಾಂ ಎಂಬ ಉತ್ತರ ಬಂದರೆ ಅದು ನೀರಿನ ಮೇಲೆ ತೇಲಬೇಕಾಗುತ್ತದೆ, ಸರಿಯಾದ ಅಂಕಿ 19,300.

ಅನಿಲಗಳಿಗೆ ಲೀಟರಿಗೆ ಗ್ರಾಂ ಅನುಕೂಲ. ಇದು ಘನ ಮೀಟರಿಗೆ ಕಿಲೋಗ್ರಾಂ ಎಂಬುದಕ್ಕೆ ಸಮ. ಒಣ ಗಾಳಿಗೆ 0 ಡಿಗ್ರಿ ಸೆಲ್ಸಿಯಸ್ ಮತ್ತು ಪ್ರಮಾಣಿತ ಒತ್ತಡದಲ್ಲಿ ಎರಡರಲ್ಲೂ 1.293.

ಲೀಟರ್ ಮತ್ತು ಘನ ಡೆಸಿಮೀಟರ್

ಮೇಲಿನ ಸಮತೆಗಳು ಇಂದು ಕರಾರುವಾಕ್ಕು. ಹಿಂದೆ ಹಾಗಿರಲಿಲ್ಲ, ಹಳೆಯ ಕೋಷ್ಟಕಗಳನ್ನು ಬಳಸುವವರಿಗೆ ಈ ಇತಿಹಾಸ ಈಗಲೂ ಬೇಕಾಗುತ್ತದೆ. ಫ್ರಾನ್ಸಿನ 1795ರ ಕಾನೂನು ಗ್ರಾಂ ಅನ್ನು ಮಂಜುಗಡ್ಡೆ ಕರಗುವ ಉಷ್ಣತೆಯಲ್ಲಿ ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವೆಂದು ನಿಗದಿ ಮಾಡಿತು. ಲಫೆವ್ರ್-ಜಿನೋ ಮತ್ತು ಫಾಬ್ರೋನಿ ನಡೆಸಿದ ಅಳತೆಗಳಲ್ಲಿ ಇದರ ಬದಲು ನೀರು ಅತ್ಯಂತ ಸಾಂದ್ರವಾಗಿರುವ 4 ಡಿಗ್ರಿಯ ಆಸುಪಾಸಿನ ಸ್ಥಿತಿಯನ್ನು ಆಧಾರವಾಗಿ ಹಿಡಿಯಲಾಯಿತು. ಅದಕ್ಕೆ ಸರಿಹೊಂದುವಂತೆ 1799ರಲ್ಲಿ ಪ್ಲಾಟಿನಂ ಕಿಲೋಗ್ರಾಂ ಸಿದ್ಧವಾಯಿತು. ಅಂದಿನ ಉಪಕರಣಗಳ ಮಟ್ಟಿಗೆ ಆ ಕೆಲಸ ಅಚ್ಚರಿಗೊಳಿಸುವಷ್ಟು ನಿಖರ. ಆದರೂ ಲೋಹದ ತುಂಡು ಒಂದು ಘನ ಡೆಸಿಮೀಟರ್ ನೀರಿಗಿಂತ ಸುಮಾರು 28 ಮಿಲಿಗ್ರಾಂ ಹೆಚ್ಚು ತೂಗುತ್ತಿತ್ತು. 1889ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಮೂಲಮಾದರಿ ಇದನ್ನೇ ಅನುಸರಿಸಿದ್ದರಿಂದ ಆ ವ್ಯತ್ಯಾಸವೂ ಜೊತೆಗೇ ಬಂತು.

1901ರಲ್ಲಿ ತೂಕ ಮತ್ತು ಅಳತೆಗಳ ಮೂರನೆಯ ಮಹಾಸಮ್ಮೇಳನ ಲೀಟರನ್ನು 1 ಕಿಲೋಗ್ರಾಂ ಶುದ್ಧ ನೀರು, ಗರಿಷ್ಠ ಸಾಂದ್ರತೆಯಲ್ಲಿ ಮತ್ತು ಪ್ರಮಾಣಿತ ವಾಯುಒತ್ತಡದಲ್ಲಿ, ಆಕ್ರಮಿಸುವ ಗಾತ್ರವೆಂದು ವ್ಯಾಖ್ಯಾನಿಸಿತು. ಹೀಗೆ ಲೀಟರ್ 1.000028 ಘನ ಡೆಸಿಮೀಟರ್ ಆಯಿತು; ಮಿಲಿಲೀಟರ್ ಮತ್ತು ಘನ ಸೆಂಟಿಮೀಟರ್ ಬೇರೆಬೇರೆಯಾದವು. ಆ ಕಾಲದ ಕೋಷ್ಟಕದಲ್ಲಿ 0 ಡಿಗ್ರಿಯ ಪಾದರಸಕ್ಕೆ ಮಿಲಿಲೀಟರಿಗೆ 13.5955 ಗ್ರಾಂ ಎಂದಿದ್ದರೆ ಅದನ್ನು 0.999972ರಿಂದ ಗುಣಿಸಬೇಕು, ಆಗ ಬರುವ 13.5951 ಈಗಿನ ಬೆಲೆ. ಅಂಗಡಿಯ ತಕ್ಕಡಿಗೆ ಈ ಅಂತರ ಲೆಕ್ಕಕ್ಕಿಲ್ಲ, ವಾಯುಭಾರಮಾಪಕದ ಸೂಕ್ಷ್ಮ ತಿದ್ದುಪಡಿಗಳಲ್ಲಿ ಲೆಕ್ಕಕ್ಕಿದೆ. 1964ರಲ್ಲಿ ಹನ್ನೆರಡನೆಯ ಮಹಾಸಮ್ಮೇಳನ ಹಳೆಯ ವ್ಯಾಖ್ಯೆಯನ್ನು ರದ್ದುಮಾಡಿ, ಲೀಟರ್ ಎಂಬುದು ಘನ ಡೆಸಿಮೀಟರಿನ ಇನ್ನೊಂದು ಹೆಸರು ಮಾತ್ರ ಎಂದಿತು. ಅತಿ ನಿಖರ ಅಳತೆಗಳಲ್ಲಿ ಅದನ್ನು ಬಳಸದಿರುವುದು ಲೇಸು ಎಂದೂ ಸೂಚಿಸಿತು. ಆದ್ದರಿಂದ ಕೋಷ್ಟಕದ ಮುದ್ರಣವರ್ಷ ನೋಡದೆ ಆರನೆಯ ಅಂಕಿಯನ್ನು ನಂಬುವಂತಿಲ್ಲ.

ಸಾಪೇಕ್ಷ ಸಾಂದ್ರತೆಗೂ ಇದೇ ಎಚ್ಚರಿಕೆ ಸಲ್ಲುತ್ತದೆ. 4 ಡಿಗ್ರಿಯ ನೀರಿಗೆ ಹೋಲಿಸಿ ಪಡೆದ ಈ ಏಕಮಾನರಹಿತ ಸಂಖ್ಯೆ ಘನ ಸೆಂಟಿಮೀಟರಿಗೆ ಗ್ರಾಂ ಎಂಬ ಅಂಕಿಗೆ ಬಹುತೇಕ ಸಮ, ಪೂರ್ತಿ ಸಮವಲ್ಲ.

ಬಳಕೆಯಲ್ಲಿ

ಕೆಲವು ಪರಿವರ್ತನೆಗಳು ಸೂತ್ರಗಳೊಳಗೆ ಅಡಗಿರುತ್ತವೆ. ಕಟ್ಟಡದ ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ಬರುತ್ತದೆ ಎಂಬುದು ಕಂಬಿ ಕಟ್ಟುವವರಿಗೆ ಬಾಯಿಪಾಠ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋಗ್ರಾಂ. ಅದನ್ನು ವೃತ್ತದ ವಿಸ್ತೀರ್ಣದ ಅಂಶವಾದ 0.7854ರಿಂದ ಗುಣಿಸಿ, ಚದರ ಮಿಲಿಮೀಟರನ್ನು ಚದರ ಮೀಟರಿಗೆ ತರಲು 10 ಲಕ್ಷದಿಂದ ಭಾಗಿಸಿದರೆ 0.006165, ಇದರ ವಿಲೋಮವೇ 162. ಹೀಗೆ 12 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 0.89 ಕಿಲೋಗ್ರಾಂ. ಸಿಮೆಂಟಿಗೆ ಘನ ಮೀಟರಿಗೆ 1,440 ಕಿಲೋಗ್ರಾಂ ಹಿಡಿಯುವ ರೂಢಿಯಂತೆ 50 ಕಿಲೋಗ್ರಾಂ ಮೂಟೆಯ ಗಾತ್ರ ಸುಮಾರು 35 ಲೀಟರ್. ಇದು ಕಣಗಳ ನಡುವಿನ ಗಾಳಿಯೂ ಸೇರಿದ ರಾಶಿ ಸಾಂದ್ರತೆ. ಕಣದ ಸಾಂದ್ರತೆ ಇದರ ಎರಡು ಪಟ್ಟಿಗೂ ಹೆಚ್ಚು.

ಹಾಲಿನ ಲ್ಯಾಕ್ಟೋಮೀಟರ್ ಮೊದಲ ಅಂಕಿಗಳನ್ನು ಬಿಟ್ಟೇ ತೋರಿಸುತ್ತದೆ: 28 ಎಂಬ ಗುರುತು 1.028ಕ್ಕೆ, ಅಂದರೆ ಘನ ಮೀಟರಿಗೆ ಸುಮಾರು 1,028 ಕಿಲೋಗ್ರಾಂಗೆ ಸಮ. ಪೆಟ್ರೋಲ್ ಬಂಕ್‌ಗಳಲ್ಲಿ ಕಾಣುವ ಮೂರಂಕಿಯ ಸಾಂದ್ರತೆ ಘನ ಮೀಟರಿಗೆ ಕಿಲೋಗ್ರಾಂನಲ್ಲಿದ್ದು, 15 ಡಿಗ್ರಿಗೆ ತಂದ ಬೆಲೆಯಾಗಿರುತ್ತದೆ. ಏಕಮಾನ ಬದಲಿಸುವುದರಿಂದ ಉಷ್ಣತೆಯ ತಿದ್ದುಪಡಿ ಆಗುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಮಾಡಬೇಕು.

ಭಾರ ಸಾಂದ್ರತೆ

ಎಂಜಿನಿಯರುಗಳು ಬಳಸುವ ಘನ ಮೀಟರಿಗೆ ಕಿಲೋನ್ಯೂಟನ್ ಬಲದ ಅಳತೆ, ದ್ರವ್ಯರಾಶಿಯದಲ್ಲ. ಕಾಂಕ್ರೀಟಿನ 25 ಕಿಲೋನ್ಯೂಟನ್ ಬೆಲೆಯನ್ನು ಸಾಂದ್ರತೆಗೆ ತರಲು 9.80665ರಿಂದ ಭಾಗಿಸಬೇಕು, ಘನ ಮೀಟರಿಗೆ ಸುಮಾರು 2.55 ಟನ್ ಬರುತ್ತದೆ.