ಹೊಟ್ಟು ಮೈಯ ಇಲಿಮರಿ ಮತ್ತು ಒಂದು ವಂಶವಾಹಿ

ನನ್ನಲ್ಲಿ ಜೀವಶಾಸ್ತ್ರ ಕಲಿತವರಿಗೆ ಬಿಳಿ ರಕ್ತಕಣಗಳು ದೇಹದ ಸೈನಿಕರೆಂಬ ಹೋಲಿಕೆ ನೆನಪಿರಬಹುದು. ಹೋಲಿಕೆಯೇನೋ ಒಳ್ಳೆಯದೇ. ಆದರೆ ಸೈನ್ಯವಿದ್ದ ಮೇಲೆ, ಅದು ತನ್ನ ನಾಡಿನವರ ಮೇಲೆಯೇ ಎರಗದಂತೆ ತಡೆಯುವವರೂ ಇರಬೇಕಲ್ಲವೇ? ಆ ತಡೆಯುವವರು ಯಾರು, ಅವರನ್ನು ರೂಪಿಸುವುದು ಯಾವುದು ಎಂಬುದನ್ನು ತಿಳಿಯಲು ವಿಜ್ಞಾನಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದು ಆ ಕಥೆಯನ್ನು ಬರೆಯಬೇಕೆನಿಸಿದೆ.

ಮೊದಲು ಒಂದು ಮೂಲ ವಿಷಯ. ನಮ್ಮ ದೇಹದ ಜೀವಕೋಶಗಳಲ್ಲಿರುವ ವಂಶವಾಹಿಗಳ ಸಂಗ್ರಹ ಬಹುಮಟ್ಟಿಗೆ ಒಂದೇ. ಹಾಗಿದ್ದೂ ಒಂದು ಕೋಶ ನರವಾಗುತ್ತದೆ, ಇನ್ನೊಂದು ರಕ್ತಕಣವಾಗುತ್ತದೆ. ಎಲ್ಲ ಮನೆಗಳಲ್ಲೂ ಒಂದೇ ಅಡುಗೆ ಪುಸ್ತಕವಿದ್ದರೂ ಒಬ್ಬರು ಸಾರಿನ ಪುಟ ತೆರೆಯುತ್ತಾರೆ, ಮತ್ತೊಬ್ಬರು ಪಾಯಸದ ಪುಟ ತೆರೆಯುತ್ತಾರೆ. ಯಾವ ಪುಟ ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನಿರ್ಧರಿಸುವ ವಂಶವಾಹಿಗಳೂ ಇವೆ. ಅವುಗಳಿಂದ ತಯಾರಾಗುವ ಪ್ರೋಟೀನುಗಳು ಡಿಎನ್‌ಎಗೆ ಅಂಟಿಕೊಂಡು ಬೇರೆ ವಂಶವಾಹಿಗಳನ್ನು ಎಬ್ಬಿಸುತ್ತವೆ, ಇಲ್ಲವೇ ಮಲಗಿಸುತ್ತವೆ.

ನಮ್ಮ ಕಥೆ ಆರಂಭವಾಗುವುದು ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಡ್ಜ್‌ನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಅಣುಬಾಂಬಿಗಾಗಿ ಯುರೇನಿಯಂ ಸಿದ್ಧಪಡಿಸಿದ ಊರದು. ಯುದ್ಧ ಮುಗಿದ ಮೇಲೆ ವಿಕಿರಣದ ಪರಿಣಾಮವನ್ನು ಅರಿಯಲು ಅಲ್ಲಿ ಇಲಿಗಳನ್ನು ಸಾಕುತ್ತಿದ್ದರು. 1949ರಲ್ಲಿ ಕೆಲವು ಗಂಡು ಮರಿಗಳ ಮೈ ಹೊಟ್ಟೆದ್ದು ಸುಲಿಯತೊಡಗಿತು. ಗುಲ್ಮವೂ ದುಗ್ಧರಸ ಗ್ರಂಥಿಗಳೂ ಊದಿಕೊಂಡು, ಮರಿಗಳು ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಇದು ವಿಕಿರಣದಿಂದಾದುದಲ್ಲ, ತಾನಾಗಿ ಉಂಟಾದ ಮಾರ್ಪಾಡು. ದೋಷ ಎಕ್ಸ್ ವರ್ಣತಂತುವಿನಲ್ಲಿತ್ತು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಿಗೆ ಆ ಆಸರೆಯಿಲ್ಲ. ಈ ಇಲಿಗಳಿಗೆ 'ಸ್ಕರ್ಫಿ' ಎಂದು ಹೆಸರಾಯಿತು. ಸ್ವಂತ ಅಂಗಗಳ ಮೇಲೆ ಎರಗಿ ಅವುಗಳನ್ನು ಕೊಲ್ಲುತ್ತಿದ್ದುದು ಅವುಗಳದೇ ಟಿ ಕೋಶಗಳು ಎಂಬುದು ತಿಳಿದದ್ದು ದಶಕಗಳ ನಂತರ.

ಈ ಟಿ ಕೋಶಗಳು ಪಳಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ರೋಗನಿರೋಧಕ ಶಕ್ತಿಗೆ ಈ ಗ್ರಂಥಿ ಅತ್ಯಗತ್ಯವೆಂದು 1961ರಲ್ಲಿ ತೋರಿಸಿದವರು ಜಾಕ್ವೆಸ್ ಮಿಲ್ಲರ್. ಮುಂದೆ ಜಪಾನಿನಲ್ಲಿ ಒಂದು ವಿಚಿತ್ರ ಕಂಡುಬಂತು. ಹುಟ್ಟಿ ಮೂರು ದಿನದ ಇಲಿಮರಿಯ ಥೈಮಸ್ ತೆಗೆದರೆ ರೋಗನಿರೋಧಕ ಶಕ್ತಿ ಕುಂದುವ ಬದಲು, ಅದು ದೇಹದ ಮೇಲೆಯೇ ತಿರುಗಿಬೀಳುತ್ತಿತ್ತು. ಶಿಮೋನ್ ಸಕಾಗುಚಿ ಅಂಥ ಇಲಿಗಳಿಗೆ ಆರೋಗ್ಯವಂತ ಇಲಿಗಳ ಟಿ ಕೋಶಗಳನ್ನು ಕೊಟ್ಟಾಗ ಅವು ಉಳಿದುಕೊಂಡವು. ಅಂದರೆ ಟಿ ಕೋಶಗಳಲ್ಲಿಯೇ ಕಾವಲುಗಾರರ ಒಂದು ಬಳಗವಿರಬೇಕು!

ಆದರೆ ಕಾಲ ಅನುಕೂಲವಾಗಿರಲಿಲ್ಲ. 1970ರ ದಶಕದಲ್ಲಿ 'ದಮನಕಾರಿ ಟಿ ಕೋಶ' ಎಂಬ ಕಲ್ಪನೆ ಬಹಳ ಪ್ರಚಾರ ಪಡೆದು, ಅದರ ಆಧಾರಗಳು 1980ರ ದಶಕದಲ್ಲಿ ಕುಸಿದಿದ್ದವು. ಆ ವಿಷಯವೆಂದರೆ ಅನೇಕರು ಮುಖ ತಿರುಗಿಸುತ್ತಿದ್ದರು. ಸಕಾಗುಚಿ ಮಾತ್ರ ಬಿಡಲಿಲ್ಲ. 1995ರಲ್ಲಿ ಆ ಕಾವಲು ಕೋಶಗಳ ಮೇಲ್ಮೈಯಲ್ಲಿ ಸಿಡಿ25 ಎಂಬ ಪ್ರೋಟೀನನ್ನು ಗುರುತಿಸಿ ತೋರಿಸಿದರು.

ಇತ್ತ ಅಮೆರಿಕದ ಒಂದು ಔಷಧ ಸಂಶೋಧನಾ ಕಂಪನಿಯಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಸ್ಕರ್ಫಿ ಇಲಿಯ ದೋಷವನ್ನು ಹುಡುಕುತ್ತಿದ್ದರು. ಇಲಿಯ ಎಕ್ಸ್ ವರ್ಣತಂತುವಿನಲ್ಲಿ ಸುಮಾರು 17 ಕೋಟಿ ಡಿಎನ್‌ಎ ಅಕ್ಷರಗಳಿವೆ. ಅಂದಿನ ವಿಧಾನಗಳಿಂದ ಹುಡುಕಾಟವನ್ನು ಸುಮಾರು 5 ಲಕ್ಷ ಅಕ್ಷರಗಳಿಗೆ ಇಳಿಸುವುದೇ ದೊಡ್ಡ ಸಾಹಸವಾಗಿತ್ತು. ಅಷ್ಟರಲ್ಲಿ 20 ವಂಶವಾಹಿಗಳು ಸಿಕ್ಕವು. ಒಂದೊಂದಾಗಿ ಪರೀಕ್ಷಿಸಿದರು. ದೋಷ ಸಿಕ್ಕಿದ್ದು ಕಟ್ಟಕಡೆಯ, ಇಪ್ಪತ್ತನೆಯ ವಂಶವಾಹಿಯಲ್ಲಿ! ಎರಡೇ ಎರಡು ಅಕ್ಷರಗಳು ಹೆಚ್ಚಾಗಿ ಸೇರಿಕೊಂಡು, ಪ್ರೋಟೀನು ಮೊಟಕಾಗಿತ್ತು. ಆ ವಂಶವಾಹಿಗೆ ಫಾಕ್ಸ್‌ಪಿ3 ಎಂದು ಹೆಸರಿಟ್ಟರು.

ಇದು ಇಲಿಗಳ ಮಾತಷ್ಟೇ ಆಗಿರಲಿಲ್ಲ. ಅಪರೂಪಕ್ಕೆ ಕೆಲವು ಗಂಡುಶಿಶುಗಳಿಗೆ ತೀವ್ರ ಭೇದಿ, ಚರ್ಮರೋಗ, ಮಧುಮೇಹ ಒಟ್ಟಿಗೆ ಬರುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಬಹುಪಾಲು ಮಕ್ಕಳು ಎಳವೆಯಲ್ಲೇ ತೀರಿಕೊಳ್ಳುತ್ತಾರೆ. ಐಪೆಕ್ಸ್ ಎಂಬ ಈ ಕಾಯಿಲೆಗೂ ಅದೇ ವಂಶವಾಹಿಯ ದೋಷವೇ ಕಾರಣವೆಂದು 2001ರಲ್ಲಿ ಸಿದ್ಧವಾಯಿತು. ಇಂದು ಕೆಲವು ಮಕ್ಕಳಿಗೆ ಬೇರೆಯವರ ಅಸ್ಥಿಮಜ್ಜೆಯ ಕಸಿಯಿಂದ ಬದುಕು ಸಿಗುತ್ತಿದೆ.

ಎರಡು ದಾರಿಗಳು ಕೂಡಿದ್ದು 2003ರಲ್ಲಿ. ಫಾಕ್ಸ್‌ಪಿ3 ಇಲ್ಲದೆ ಸಕಾಗುಚಿಯವರ ಕಾವಲು ಕೋಶಗಳು ರೂಪುಗೊಳ್ಳುವುದಿಲ್ಲವೆಂದು ಸಕಾಗುಚಿಯವರೂ ಇತರರೂ ತೋರಿಸಿದರು. ಸಾಮಾನ್ಯ ಟಿ ಕೋಶಕ್ಕೆ ಆ ವಂಶವಾಹಿಯನ್ನು ಸೇರಿಸಿದರೆ ಅದೂ ತಡೆಯುವ ಗುಣ ಪಡೆಯುತ್ತಿತ್ತು. ಟಿ ಕೋಶಗಳನ್ನು ಹೆಚ್ಚಿಸುವ ಸಂಕೇತವನ್ನು ಫಾಕ್ಸ್‌ಪಿ3 ಆ ಕೋಶದೊಳಗೆ ಮಲಗಿಸುತ್ತದೆ. ಸಿಡಿ25ರಂಥ ಪ್ರೋಟೀನುಗಳನ್ನು ಎಬ್ಬಿಸುತ್ತದೆ. ಪುಸ್ತಕ ಅದೇ, ತೆರೆದ ಪುಟಗಳು ಬೇರೆ.

ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಸಂದಿತು. ನನಗೆ ಪ್ರಶಸ್ತಿಗಿಂತ ಹೆಚ್ಚಾಗಿ ಕಾಡುವುದು ಕಾಲದ ಲೆಕ್ಕ. ಮರಿ ಹುಟ್ಟಿದ್ದು 1949ರಲ್ಲಿ, ಕಾರಣ ತಿಳಿದದ್ದು 2001ರಲ್ಲಿ. ನಡುವಿನ ಐವತ್ತೆರಡು ವರ್ಷ ಆ ಇಲಿಯ ಸಂತತಿ ಅಳಿಯದಂತೆ ತಲೆಮಾರಿನಿಂದ ತಲೆಮಾರಿಗೆ ಸಾಕಿ ಉಳಿಸಿದವರಿದ್ದಾರೆ. ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ನಿಮ್ಮಲ್ಲಿ ಇಂದು ಶಿಕ್ಷಕರಾಗಿರುವವರು ಸೈನಿಕರ ಪಾಠ ಮಾಡುವಾಗ ಕಾವಲುಗಾರರ ಕಥೆಯನ್ನೂ ಸೇರಿಸಿಕೊಳ್ಳಿ. ಇಲಿಗಳಿಗೆ ದಿನವೂ ಮೇವು ಹಾಕಿದವರನ್ನು ಮಾತ್ರ ಮರೆಯಬೇಡಿ.