ಹಳೆಯ ಎಂಜಿಬಿ ಕಾರಿನಲ್ಲಿ ಪೆಟ್ರೋಲ್ ವಾಸನೆ: ಮೂಲ ಪತ್ತೆ ಹೇಗೆ?

ಹಳೆಯ ಸ್ಪೋರ್ಟ್ಸ್ ಕಾರುಗಳ ಮಾಲೀಕರಲ್ಲಿ ಒಂದು ಮಾತು ರೂಢಿಯಲ್ಲಿದೆ. ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆರೆದಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ 'ಹಳೆಯ ಗಾಡಿ, ಇಷ್ಟಾದರೂ ವಾಸನೆ ಬೇಡವೇ?' ಎಂದು ನಕ್ಕು ಸುಮ್ಮನಾಗುವುದು. ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಇಂದಿನ ಕಾರುಗಳಲ್ಲಿ ಪೆಟ್ರೋಲ್ ಆವಿ ಹೊರಹೋಗದಂತೆ ಮುಚ್ಚಿದ ವ್ಯವಸ್ಥೆ ಇರುತ್ತದೆ; 1960ರ ದಶಕದ ಕಾರುಗಳಲ್ಲಿ ಅದು ಇರಲಿಲ್ಲ. ಆದರೆ ಸಹಜವಾದ ವಾಸನೆಗೆ ಒಂದು ಮಿತಿಯಿದೆ. ಆ ಮಿತಿ ಮೀರಿದ ವಾಸನೆ ಸೋರಿಕೆಯ ಸೂಚನೆ. ಸೋರಿಕೆ ಎಲ್ಲಿ ಎಂಬುದನ್ನು ವಾಸನೆ ಬರುವ ಸಮಯ ಮತ್ತು ಸಂದರ್ಭವೇ ಬಹುಮಟ್ಟಿಗೆ ಹೇಳಿಬಿಡುತ್ತದೆ.

ಬ್ರಿಟನ್ನಿನ ಎಂಜಿಬಿ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಇದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ 'ಬಿ-ಸೀರೀಸ್' ಕುಟುಂಬಕ್ಕೆ ಸೇರಿದ್ದು. ಕರ್ನಾಟಕದ ಓದುಗರಿಗೆ ಈ ಕುಟುಂಬ ಅಪರಿಚಿತವಲ್ಲ. ದಶಕಗಳ ಕಾಲ ಇಲ್ಲಿನ ರಸ್ತೆಗಳಲ್ಲಿ ಓಡಿದ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ಬಳ್ಳಿಯ ಕಾಯಿ.

ಈ ಎಂಜಿನ್ನಿನ ರಚನೆಯಲ್ಲಿಯೇ ಅಪಾಯದ ಬೀಜವಿದೆ. ಪೆಟ್ರೋಲ್ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಎಂಜಿಬಿಯಲ್ಲಿ ಅದು ಎಡಪಕ್ಕ. ಅಂದರೆ ಜೋಡಿ ಕಾರ್ಬ್ಯುರೇಟರ್‌ಗಳು ಕೆಂಡದಂತೆ ಕಾಯುವ ಎಕ್ಸಾಸ್ಟ್ ಕೊಳವೆಯ ನೆತ್ತಿಯ ಮೇಲೆ ಕುಳಿತಿವೆ. ನಡುವೆ ಇರುವುದು ತೆಳುವಾದ ಒಂದು ತಗಡಿನ ಗುರಾಣಿ. ಕಾರ್ಬ್ಯುರೇಟರ್‌ನಿಂದ ತೊಟ್ಟಿಕ್ಕಿದ ಪೆಟ್ರೋಲ್ ಎಲ್ಲಿಗೆ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಕುವ ಮುನ್ನ

ಪೆಟ್ರೋಲ್ ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಈ ಆವಿಯ ಪ್ರಮಾಣ ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರವಾದ್ದರಿಂದ ಮೇಲೇರಿ ಚದುರುವುದಿಲ್ಲ. ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ವಾಸನೆ ಜೋರಾಗಿದ್ದಾಗ ಗ್ಯಾರೇಜಿನ ದೀಪದ ಸ್ವಿಚ್ ಒತ್ತುವುದು, ಕಾರಿನ ಕೀಲಿ ತಿರುಗಿಸುವುದು ಎರಡೂ ಸಲ್ಲದು. ಬಾಗಿಲು ತೆರೆದಿಟ್ಟು, ಕಾರನ್ನು ಕೈಯಿಂದ ತಳ್ಳಿ ಬಯಲಿಗೆ ತಂದು, ಗಾಳಿಯಾಡಲು ಬಿಟ್ಟು ಆಮೇಲೆ ಕೆಲಸಕ್ಕೆ ಇಳಿಯಬೇಕು. ಪುಡಿ ಅಥವಾ ನೊರೆಯ ಅಗ್ನಿಶಾಮಕ ಕೈಗೆಟುಕುವಂತಿರಬೇಕು. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಬೆಂಕಿ ಹರಡುತ್ತದೆಯೇ ಹೊರತು ಆರುವುದಿಲ್ಲ.

ಇನ್ನೊಂದು ತೊಡಕು ಮೂಗಿನದೇ. ಪೆಟ್ರೋಲಿನ ಅತ್ಯಲ್ಪ ಅಂಶವನ್ನೂ ಮನುಷ್ಯನ ಮೂಗು ಗುರುತಿಸುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಹೋಗಿ ವಾಸನೆಯೇ ಇಲ್ಲವೆಂಬ ಭ್ರಮೆ ಹುಟ್ಟಿಸುತ್ತದೆ. ಬಾನೆಟ್ಟಿನೊಳಗೆ ತಲೆ ಹಾಕಿ ಅರ್ಧ ಗಂಟೆ ಹುಡುಕಿದವರಿಗೆ ಕೊನೆಗೆ ಏನೂ ಸಿಗದಿರುವುದು ಇದರಿಂದಲೇ. ಹೊರಗಿನಿಂದ ಆಗತಾನೇ ಬಂದ ಮನೆಯವರನ್ನು ಕೇಳುವುದು ಹೆಚ್ಚು ನಂಬಲರ್ಹ. ಪೆಟ್ರೋಲಿನಲ್ಲಿ ಕ್ಯಾನ್ಸರ್‌ಕಾರಕವೆಂದು ದೃಢಪಟ್ಟಿರುವ ಬೆಂಜೀನ್ ಇರುವುದರಿಂದ ಬೇಕೆಂದೇ ಆಳವಾಗಿ ಮೂಸುವ ಅಭ್ಯಾಸವೂ ಒಳ್ಳೆಯದಲ್ಲ.

ವಾಸನೆ ಯಾವಾಗ ಬರುತ್ತದೆ?

ಪಾನಾ ಕೈಗೆತ್ತಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಬಂದು, ಇಂಧನ ಅರ್ಧಕ್ಕಿಳಿದಾಗ ಮಾಯವಾದರೆ ದೋಷ ಟ್ಯಾಂಕಿನ ಮೇಲ್ಭಾಗದಲ್ಲಿ ಅಥವಾ ಅದರ ಕೊಳವೆಗಳಲ್ಲಿದೆ. ದೂರ ಓಡಿಸಿ ತಂದು ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷಗಳಲ್ಲಿ ಬಾನೆಟ್ಟಿನ ಸುತ್ತ ವಾಸನೆ ಬಂದರೆ ಅದು ಎಂಜಿನ್ನಿನ ಶಾಖಕ್ಕೆ ಕಾರ್ಬ್ಯುರೇಟರ್‌ನ ಪೆಟ್ರೋಲ್ ಆವಿಯಾಗುತ್ತಿರುವುದು. ಅಲ್ಪಸ್ವಲ್ಪವಾದರೆ ಇದನ್ನು ಸಹಜವೆನ್ನಬಹುದು. ಕೀಲಿ ತಿರುಗಿಸಿದೊಡನೆ ವಾಸನೆ ಎದ್ದರೆ ಪಂಪಿನಿಂದ ಮುಂದಿನ ದಾರಿಯನ್ನು ಶಂಕಿಸಬೇಕು. ಕಾರು ಓಡುವಾಗ ಮಾತ್ರ ಬರುವ ವಾಸನೆ ಬೇರೆಯೇ ಕಥೆ; ಅದರ ಪ್ರಸ್ತಾಪ ಮುಂದಿದೆ.

ಪಂಪಿನ 'ಟಿಕ್ ಟಿಕ್'

ಎಂಜಿಬಿಗೆ ದೇವರು ಕೊಟ್ಟ ವರವೆಂದರೆ ಅದರ ಎಸ್‌ಯು ವಿದ್ಯುತ್ ಪಂಪು. ಕಾರಿನ ಹಿಂಬದಿಯ ಬಲಭಾಗದಲ್ಲಿರುವ ಈ ಪಂಪು ಪ್ರತಿ ಬಡಿತಕ್ಕೂ 'ಟಿಕ್' ಎಂದು ಸದ್ದು ಮಾಡುತ್ತದೆ. ಬಯಲಿನಲ್ಲಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರೆ ಪಂಪು ಮೊದಲು ಚಟಪಟನೆ ಬಡಿದು, ಕಾರ್ಬ್ಯುರೇಟರ್‌ನ ಫ್ಲೋಟ್ ಕೋಣೆಗಳು ತುಂಬುತ್ತಿದ್ದಂತೆ ನಿಧಾನವಾಗಿ, ಕೆಲವೇ ಸೆಕೆಂಡುಗಳಲ್ಲಿ ಮೌನವಾಗಬೇಕು. ಆಮೇಲೆ ಅರ್ಧ ನಿಮಿಷಕ್ಕೊಮ್ಮೆ ಒಂದು ಟಿಕ್ ಕೇಳಿದರೆ ಚಿಂತೆಯಿಲ್ಲ ಎಂಬುದು ಈ ಕಾರುಗಳನ್ನು ಬಲ್ಲ ಮೆಕ್ಯಾನಿಕ್‌ಗಳ ಲೆಕ್ಕ. ಎರಡು ಮೂರು ಸೆಕೆಂಡಿಗೊಮ್ಮೆ ಬಡಿಯುತ್ತಲೇ ಇದ್ದರೆ ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ, ಇಲ್ಲವೇ ಪಂಪು ಗಾಳಿ ಎಳೆಯುತ್ತಿದೆ ಎಂದರ್ಥ. ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೀಗೆ ಕೀಲಿ ತಿರುಗಿಸಿಟ್ಟರೆ ಇಗ್ನಿಷನ್ ಕಾಯಿಲ್ ಬಿಸಿಯೇರುತ್ತದೆ, ಎಚ್ಚರವಿರಲಿ.

ಟಿಕ್ ನಿಲ್ಲದಿದ್ದಾಗ ಮೊದಲು ನೋಡಬೇಕಾದ್ದು ಕಾರ್ಬ್ಯುರೇಟರ್‌ನ ಹೆಚ್ಚುವರಿ ಕೊಳವೆಗಳು. ಫ್ಲೋಟ್ ಕೋಣೆ ತುಂಬಿ ತುಳುಕಿದರೆ ಪೆಟ್ರೋಲನ್ನು ಎಕ್ಸಾಸ್ಟ್‌ನಿಂದ ದೂರಕ್ಕೊಯ್ದು ನೆಲಕ್ಕೆ ಬಿಡಲೆಂದೇ ಅವುಗಳನ್ನು ಜೋಡಿಸಿರುತ್ತಾರೆ. ಯಾವುದೋ ರಿಪೇರಿಯಲ್ಲಿ ಈ ಕೊಳವೆಗಳನ್ನು ಕಳಚಿ ಮತ್ತೆ ಜೋಡಿಸದೆ ಬಿಟ್ಟ ಕಾರುಗಳೂ ಉಂಟು. ಕೊಳವೆಯ ತುದಿ ಒದ್ದೆಯಾಗಿದ್ದರೆ ಆ ಕೋಣೆಯ ಸೂಜಿ ಕವಾಟ ಮುಚ್ಚುತ್ತಿಲ್ಲ. ಕಾರಣ ಮೂರು: ಕವಾಟದಲ್ಲಿ ಕಸ ಸಿಕ್ಕಿರಬಹುದು, ಕವಾಟವೇ ಸವೆದಿರಬಹುದು, ಅಥವಾ ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿರಬಹುದು. ಫ್ಲೋಟನ್ನು ಹೊರತೆಗೆದು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲ್ ಕುಲುಕುವುದು ಕೇಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲ್ ಆರಿ ಅಂಟಾಗಿ ಸೂಜಿ ಹಿಡಿದುಕೊಳ್ಳುವುದು ಸಾಮಾನ್ಯ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಕೋಣೆಯ ಮುಚ್ಚಳಕ್ಕೆ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಅದು ಬಿಡಿಸಿಕೊಳ್ಳುತ್ತದೆ. ಇದು ಮನೆ ತಲುಪುವ ಉಪಾಯವೇ ಹೊರತು ರಿಪೇರಿಯಲ್ಲ.

ಹೆಚ್ಚುವರಿ ಕೊಳವೆ ಒಣಗಿದ್ದೂ ವಾಸನೆ ಇದ್ದರೆ ಜೆಟ್ಟಿನತ್ತ ಗಮನ ಹರಿಸಬೇಕು. 1971ರವರೆಗಿನ ಎಂಜಿಬಿಗಳಲ್ಲಿ ಎಚ್‌ಎಸ್4 ಮಾದರಿಯ ಕಾರ್ಬ್ಯುರೇಟರ್‌ಗಳಿದ್ದವು. ಅವುಗಳಲ್ಲಿ ಫ್ಲೋಟ್ ಕೋಣೆಯಿಂದ ಜೆಟ್ಟಿಗೆ ಒಂದು ಸಣ್ಣ ಬಾಗುವ ಕೊಳವೆಯ ಮೂಲಕ ಪೆಟ್ರೋಲ್ ಹರಿಯುತ್ತದೆ. ಚೋಕ್ ಎಳೆದಾಗಲೆಲ್ಲ ಜೆಟ್ ಕೆಳಗಿಳಿದು ಈ ಕೊಳವೆ ಬಾಗುತ್ತದೆ. ವರ್ಷಗಳು ಕಳೆದಂತೆ ಅದು ಪೆಡಸಾಗಿ, ಬುಡದ ರಬ್ಬರ್ ಬಿರಿದು ಹನಿಯುತ್ತದೆ. ಹನಿ ಬಿದ್ದೊಡನೆ ಶಾಖಕ್ಕೆ ಆರಿಹೋಗುವುದರಿಂದ ಕಣ್ಣಿಗೆ ಕಾಣುವುದು ಕಂದು ಬಣ್ಣದ ಕಲೆ ಮಾತ್ರ. ನಂತರ ಬಂದ ಎಚ್‌ಐಎಫ್4 ಮಾದರಿಯಲ್ಲಿ ಫ್ಲೋಟ್ ಕೋಣೆ ಜೆಟ್ಟಿನ ಕೆಳಗೇ ಇದ್ದು ಈ ಕೊಳವೆ ಇಲ್ಲ. ಅಲ್ಲಿ ತಳದ ಮುಚ್ಚಳದ ಸೀಲನ್ನು ಪರೀಕ್ಷಿಸಬೇಕು. (ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆ ವ್ಯಾಪಾರದ ಮನೆತನದ ಸೋದರರು ಕಟ್ಟಿದ ಕಂಪನಿ. ಅವರ ಆರಂಭದ ಕಾರ್ಬ್ಯುರೇಟರ್‌ಗಳಲ್ಲಿ ತೊಗಲಿನ ತಿದಿ ಇತ್ತೆಂಬುದು ಸ್ವಾರಸ್ಯದ ಸಂಗತಿ.)

ಕಾರ್ಬ್ಯುರೇಟರ್ ಶುದ್ಧವಾಗಿದ್ದರೆ ಉಳಿಯುವುದು ದಾರಿ. ಪಂಪಿನಿಂದ ಎಂಜಿನ್ನಿನವರೆಗೆ ಒತ್ತಡವಿರುವುದರಿಂದ ಅಲ್ಲಿ ಸೋರಿದರೆ ಒದ್ದೆ ಕಾಣುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಭಾಗ ಹಾಗಲ್ಲ. ಅಲ್ಲಿ ಬಿರುಕಿದ್ದರೆ ಪಂಪು ಗಾಳಿ ಎಳೆಯುತ್ತದೆ. ಟಿಕ್ ನಿಲ್ಲದಿದ್ದರೂ ಹೊರಗೆ ಒಂದು ಹನಿಯೂ ಸಿಗದಿರಬಹುದು. ಈ ಭೇದ ತಿಳಿಯದೆ ಕಾರ್ಬ್ಯುರೇಟರ್‌ಗಳನ್ನು ಪದೇ ಪದೇ ಬಿಚ್ಚಿಸಿ ಹಣ ಕಳೆದುಕೊಳ್ಳುವವರಿಗೆ ಕೊರತೆಯಿಲ್ಲ.

ಡಿಪ್‌ಸ್ಟಿಕ್ ಮೂಸಿ ನೋಡುವುದನ್ನೂ ಮರೆಯಬಾರದು. ತುಳುಕಿದ ಪೆಟ್ರೋಲ್ ಕೆಲವೊಮ್ಮೆ ಸಿಲಿಂಡರ್ ಮೂಲಕ ಎಂಜಿನ್ ಆಯಿಲ್ ಸೇರುತ್ತದೆ. ಆಯಿಲ್ ಮಟ್ಟ ತಾನಾಗಿ ಏರಿದ್ದು, ಪೆಟ್ರೋಲ್ ವಾಸನೆಯಿದ್ದರೆ ಎಂಜಿನ್ ಚಾಲೂ ಮಾಡದೆ ಮೊದಲು ಆಯಿಲ್ ಬದಲಿಸಬೇಕು.

ಮೇಲಿನಿಂದ ತುಕ್ಕು

ಟ್ಯಾಂಕ್ ತಳದಿಂದ ತುಕ್ಕು ಹಿಡಿಯುತ್ತದೆಂಬುದು ಸಾಮಾನ್ಯ ನಂಬಿಕೆ. ಎಂಜಿಬಿಯಲ್ಲಿ ಇದು ತಲೆಕೆಳಗು. ಡಿಕ್ಕಿಯ ನೆಲಕ್ಕೂ ಟ್ಯಾಂಕಿನ ಮೇಲ್ಮೈಗೂ ನಡುವಿನ ಇಕ್ಕಟ್ಟಾದ ಸಂದಿನಲ್ಲಿ ಚಕ್ರ ಎರಚಿದ ಕೆಸರು ಸೇರಿ, ಮಳೆಗಾಲವಿಡೀ ತೇವ ಹಿಡಿದಿಡುತ್ತದೆ. ಸೂಜಿಮೊನೆಯಷ್ಟು ತೂತುಗಳು ಮೇಲ್ಭಾಗದಲ್ಲಿ ಬೀಳುತ್ತವೆ. ನೆಲಕ್ಕೆ ಹನಿ ಬೀಳುವುದಿಲ್ಲ. ಟ್ಯಾಂಕ್ ತುಂಬಿಸಿ ತಿರುವಿನಲ್ಲಿ ಓಡಿಸಿದಾಗ ಮಾತ್ರ ವಾಸನೆ. ಕೆಳಗಿನಿಂದ ಎಷ್ಟು ಬಗ್ಗಿ ನೋಡಿದರೂ ಟ್ಯಾಂಕ್ ಹೊಸದರಂತೆ ಕಾಣುತ್ತದೆ. ಇಳಿಸಿ ನೋಡದೆ ತೀರ್ಮಾನಕ್ಕೆ ಬರಲಾಗದು.

ಇಳಿಸುವ ಮುನ್ನ ಎರಡು ಕಡೆ ಕೈಯಾಡಿಸುವುದು ಲೇಸು. ಪೆಟ್ರೋಲ್ ಮಟ್ಟ ಅಳೆಯುವ ಸೆಂಡರ್ ಘಟಕ ಟ್ಯಾಂಕಿನ ಪಕ್ಕದ ಗೋಡೆಯಲ್ಲಿದ್ದು, ಅದರ ರಬ್ಬರ್ ಉಂಗುರ ಒಣಗಿದರೆ ಟ್ಯಾಂಕ್ ತುಂಬಿದಾಗಲೆಲ್ಲ ಒಸರುತ್ತದೆ. ಪೆಟ್ರೋಲ್ ಹಾಕುವ ಕೊಳವೆಯನ್ನು ಟ್ಯಾಂಕಿಗೆ ಜೋಡಿಸುವ ದಪ್ಪ ರಬ್ಬರ್ ಪೈಪು ಬಿರಿಯುವುದೂ ಅಷ್ಟೇ ಸಾಮಾನ್ಯ. ಎರಡೂ ಅಗ್ಗದ ಬಿಡಿಭಾಗಗಳು. ತೂತಾದ ಟ್ಯಾಂಕಿಗೆ ಬೆಸುಗೆ ಹಾಕಿಸುವ ಯೋಚನೆ ಬೇಡವೇ ಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ. ದ್ರವ ಹೋದರೂ ಆವಿ ಉಳಿದಿರುತ್ತದೆ, ಸ್ಫೋಟಕ್ಕೆ ಬೇಕಾದ ಗಾಳಿಯೂ ಜೊತೆಗಿರುತ್ತದೆ. ಎಂಜಿಬಿಗೆ ಹೊಸ ಟ್ಯಾಂಕುಗಳು ಇಂದಿಗೂ ತಯಾರಾಗುತ್ತಿವೆ.

ಓಡುವಾಗ ಮಾತ್ರ ಬರುವ ವಾಸನೆ

ಎಲ್ಲವೂ ಒಣಗಿದ್ದು, ಹುಡ್ ತೆರೆದು ಓಡಿಸುವಾಗ ಮಾತ್ರ ವಾಸನೆ ಬಂದರೆ ಅದು ಬಹುಶಃ ಹೊಗೆಯದು. ವೇಗದಲ್ಲಿ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸೈಲೆನ್ಸರ್ ಬಿಟ್ಟ ಹೊಗೆ ಸುಳಿಯಾಗಿ ಸೀಟುಗಳತ್ತ ಮರಳುತ್ತದೆ. ಇಂಧನದ ಮಿಶ್ರಣ ಅತಿಯಾಗಿದ್ದರೆ ಆ ಹೊಗೆಯಲ್ಲಿ ಅರೆಬೆಂದ ಪೆಟ್ರೋಲ್ ಇರುತ್ತದೆ. ಪ್ಲಗ್ಗುಗಳು ಮಸಿ ಹಿಡಿದಿದ್ದರೆ ಇದು ಖಚಿತ. ಮಿಶ್ರಣ ಸರಿಪಡಿಸಿದರೆ ವಾಸನೆ ಇಳಿಯುತ್ತದೆ. ಆದರೆ ಹೊಗೆ ಒಳಬರುತ್ತಿದೆ ಎಂದರೆ ವಾಸನೆಯೇ ಇಲ್ಲದ ಕಾರ್ಬನ್ ಮೋನಾಕ್ಸೈಡ್ ಕೂಡ ಬರುತ್ತಿದೆ. ಡಿಕ್ಕಿಯ ಅಂಚಿನ ರಬ್ಬರ್, ತಂತಿಗಳು ಹಾಯುವ ರಂಧ್ರಗಳ ಬಿರಡೆಗಳು ಭದ್ರವಾಗಿವೆಯೇ ಎಂದು ನೋಡುವುದು ಅಗತ್ಯ.

ಎಥೆನಾಲ್ ತಂದ ಹೊಸ ತಲೆನೋವು

ದಶಕಗಳಿಂದ ಸುಮ್ಮನಿದ್ದ ಕಾರುಗಳು ಇತ್ತೀಚಿನ ವರ್ಷಗಳಲ್ಲಿ ಸೋರತೊಡಗಿರುವುದಕ್ಕೆ ಇಂಧನವೂ ಒಂದು ಕಾರಣ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಶೇ. 10ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಸಾಮಾನ್ಯ ದರ್ಜೆಯಾಯಿತು. ಭಾರತದಲ್ಲಿ ಶೇ. 20ರ ಮಿಶ್ರಣಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಹಳೆಯ ರಬ್ಬರ್ ಪೈಪುಗಳನ್ನು ಎಥೆನಾಲ್ ಉಬ್ಬಿಸಿ, ಒಣಗಿದಾಗ ಬಿರಿಯುವಂತೆ ಮಾಡುತ್ತದೆ. ತೇವ ಹೀರಿಕೊಂಡು ಉಕ್ಕಿನ ಟ್ಯಾಂಕಿಗೆ ತುಕ್ಕು ತರುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಇಂದಿಗೂ ಜೋಪಾನವಾಗಿಟ್ಟುಕೊಂಡಿರುವ ರಾಜ್ಯದ ಮಾಲೀಕರಿಗೂ ಈ ಮಾತು ಅನ್ವಯಿಸುತ್ತದೆ. ಪೈಪು ಕೊಳ್ಳುವಾಗ ಬಣ್ಣ, ಹೊಳಪು ನೋಡಿದರೆ ಸಾಲದು. ಎಥೆನಾಲ್ ತಾಳುವ ಒಳಪದರವಿರುವ, ಎಸ್‌ಎಇ ಜೆ30 ಆರ್9 ಗುಣಮಟ್ಟದ ಪೈಪನ್ನು ನಂಬಿಕಸ್ತ ಅಂಗಡಿಯಲ್ಲಿಯೇ ಕೊಳ್ಳಬೇಕು. ಹೊರಗೆ ಚೆನ್ನಾಗಿ ಕಾಣುವ ಪೈಪನ್ನೂ ಬಾಗಿಸಿ ನೋಡಬೇಕು. ಬಿರುಕು ಬಾಯಿ ತೆರೆಯುವುದು ಆಗಲೇ.

ದೋಷ ಸಿಕ್ಕಿತೆಂದು ತೋರಿದ ಮೇಲೆ ಕಾರ್ಬ್ಯುರೇಟರ್ ಮತ್ತು ಕೀಲುಗಳನ್ನು ಒರೆಸಿ ಶುಚಿಗೊಳಿಸಿ, ಒಣಗಿದ ಬಳಿಕ ಸೀಮೆಸುಣ್ಣದ ಪುಡಿ ಸವರಿಡುವುದು ಹಳೆಯ ಮೆಕ್ಯಾನಿಕ್‌ಗಳ ಕ್ರಮ. ಟ್ಯಾಂಕ್ ತುಂಬಿಸಿ ಒಂದು ಸುತ್ತು ಓಡಿಸಿ, ಗಾಳಿಯಾಡುವ ಜಾಗದಲ್ಲಿ ಒಂದು ರಾತ್ರಿ ನಿಲ್ಲಿಸಿದರೆ ಪುಡಿಯ ಮೇಲೆ ಕಲೆ ಬಿದ್ದಿದೆಯೇ ಎಂಬುದು ಬೆಳಗ್ಗೆ ತಿಳಿಯುತ್ತದೆ. ಆಗ ಕೀಲಿ ತಿರುಗಿಸಿ ಪಂಪಿಗೆ ಕಿವಿಗೊಡಬೇಕು.